ಚಳಿಯ ಸೊಪ್ಪಿಗೆ ಬಿತ್ತನೆಯ ಲೆಕ್ಕ

ಇಚಿಲಂಪಾಡಿಯ ನಮಗೆ ಚಳಿಗಾಲವೆಂದರೆ ಡಿಸೆಂಬರ್, ಜನವರಿಯ ಮುಂಜಾವುಗಳಷ್ಟೆ. ಕೊತ್ತಂಬರಿ, ಮೆಂತೆ, ಪಾಲಕುಗಳಿಗೆ ಈ ತಂಪೇ ಬೇಕು. ಸೆಕೆ ಏರಿದರೆ ಸೊಪ್ಪು ತುಂಬುವ ಮೊದಲೇ ಹೂವಿಗೆ ತಿರುಗುತ್ತವೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ತಡಮಾಡಿ ಜನವರಿಯಲ್ಲಿ ನಾವು ಬಿತ್ತಿದ ಕೊತ್ತಂಬರಿ ಗೇಣುದ್ದವಾಗುವಷ್ಟರಲ್ಲಿ ಹೂ ಬಿಟ್ಟಿತು. ಮತ್ತೊಂದು ವರ್ಷ ಅವಸರಪಟ್ಟು ಅಕ್ಟೋಬರದಲ್ಲಿ ಬಿತ್ತಿದ್ದು ಸಂಜೆಯ ಗುಡುಗುಮಳೆಗೆ ತೊಳೆದುಹೋಯಿತು.

ಆದುದರಿಂದ ಸದಸ್ಯ ಬಂಧುಗಳು ಲೆಕ್ಕವನ್ನು ಕೊಯ್ಲಿನಿಂದ ಹಿಂದಕ್ಕೆ ಹಾಕಬೇಕು. ಮೆಂತೆಗೆ 25-30, ಕೊತ್ತಂಬರಿಗೆ 40-45 ದಿನ ಬೇಕು. ಫೆಬ್ರವರಿಯ ಸೆಕೆಗೆ ಮೊದಲು ಕೊಯ್ಲು ಮುಗಿಯಬೇಕಾದರೆ ನವೆಂಬರ್ ನಡುವಿನಿಂದ ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿ, ಡಿಸೆಂಬರ್ ನಡುವಿಗೆ ನಿಲ್ಲಿಸಬೇಕು. ಕೊತ್ತಂಬರಿ ಬೀಜವನ್ನು ಒಡೆದು ಎರಡು ಹೋಳು ಮಾಡಿಯೇ ಬಿತ್ತಿರಿ.

ಹರಿವೆಯ ಮಾತು ಬೇರೆ. ಅದಕ್ಕೆ ಬಿಸಿಲು ಬೇಕು. ಹಗಲು ಗಿಡ್ಡವಾದಾಗ ಬೇಗ ಕದಿರು ಬಿಡುತ್ತದೆ. ತೆರವಾದ ಮಡಿಗಳಲ್ಲಿ ಫೆಬ್ರವರಿಗೆ ಬಿತ್ತಿದರೆ ಅಡುಗೆಮನೆಗೆ ಸೊಪ್ಪು ತಪ್ಪದು.