ಜಪಾನಿನ ಚಳಿಗಾಲದ ತರಕಾರಿ ಕೃಷಿ



ಹಿಮ ಬೀಳುವ ನಾಡಿನಲ್ಲಿ ಚಳಿಗಾಲವೆಂದರೆ ಹೊಲಕ್ಕೆ ರಜೆ ಎಂದು ನಾವು ಭಾವಿಸುವುದುಂಟು. ಜಪಾನಿನ ಸಣ್ಣ ಹಿಡುವಳಿದಾರರು ಚಳಿಯನ್ನೇ ಕೆಲಸಕ್ಕೆ ಹಚ್ಚಿಕೊಂಡಿದ್ದಾರೆ. ಅದು ಹೇಗೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಹವಾಮಾನ

ಜಪಾನಿನ ನಡುವೆ ಬೆನ್ನೆಲುಬಿನಂತೆ ಬೆಟ್ಟಸಾಲು ಇದೆ. ಸೈಬೀರಿಯದ ಚಳಿಗಾಳಿ ಜಪಾನ್ ಸಮುದ್ರದ ಮೇಲೆ ತೇವ ಹೀರಿಕೊಂಡು ಬಂದು ಪಶ್ಚಿಮ ಭಾಗದಲ್ಲಿ ರಾಶಿ ರಾಶಿ ಹಿಮ ಸುರಿಸುತ್ತದೆ. ಬೆಟ್ಟ ದಾಟಿದ ಗಾಳಿ ಒಣಗಿರುತ್ತದೆ. ಆದುದರಿಂದ ಟೋಕಿಯೋ ಇರುವ ಪೂರ್ವ ಭಾಗದಲ್ಲಿ ಚಳಿಯಿದ್ದರೂ ಬಿಸಿಲಿಗೆ ಕೊರತೆಯಿಲ್ಲ. ಘಟ್ಟದ ಮಳೆಯನ್ನೂ ಬಯಲುಸೀಮೆಯ ಒಣಹವೆಯನ್ನೂ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಿತ್ತನೆ ಮತ್ತು ರಕ್ಷಣೆ

ಟೋಕಿಯೋ ಸುತ್ತಿನ ಬಯಲಿನಲ್ಲಿ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ 'ದೈಕೊನ್' ಎಂಬ ದಪ್ಪ ಮೂಲಂಗಿಯನ್ನು ಬಿತ್ತುತ್ತಾರೆ. 'ಹಕುಸೈ' ಎಂಬ ಚೀನೀ ಕೋಸಿನ ಬಿತ್ತನೆಯೂ ಹೆಚ್ಚುಕಡಿಮೆ ಆಗಲೇ. ತಡವಾದರೆ ಚಳಿ ಬಲಿಯುವ ಮೊದಲು ಕೋಸು ಗಡ್ಡೆ ಕಟ್ಟುವುದಿಲ್ಲ. ಈರುಳ್ಳಿ ಸಸಿಗಳನ್ನು ನವೆಂಬರಿನಲ್ಲಿ ನೆಡಲಾಗುತ್ತದೆ.

ಬಲಿತ ಕೋಸಿನ ಹೊರ ಎಲೆಗಳನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟುತ್ತಾರೆ. ಹೊರ ಎಲೆ ಸುಟ್ಟರೂ ಒಳಗಿನ ತಿರುಳು ಉಳಿಯುತ್ತದೆ. ಮೂಲಂಗಿಯನ್ನು ಕಿತ್ತು, ಎಲೆ ಕತ್ತರಿಸಿ, ಮಣ್ಣಿನಲ್ಲಿ ಹೂಳಿಟ್ಟು ಬೇಕಾದಾಗ ತೆಗೆಯುತ್ತಾರೆ. ಸೊಪ್ಪಿನ ಮಡಿಗಳಿಗೆ ಕಮಾನು ಕಡ್ಡಿ ನೆಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಗೋಧಿ ಪೈರಿನ ಬೇರು ಮೇಲೇಳುತ್ತದೆ. ಆಗ ಎಳೆಯ ಪೈರನ್ನು ಕಾಲಿನಿಂದ ತುಳಿದು ಒತ್ತುವುದು ಅಲ್ಲಿನ ಹಳೆಯ ಪದ್ಧತಿ. ಇದರಿಂದ ಬೇರು ಭದ್ರವಾಗುವುದಲ್ಲದೆ ತೆಂಡೆಯೂ ಹೆಚ್ಚುತ್ತದೆ.

ಚಳಿಯಿಂದ ಸಿಹಿ

ಚಳಿ ತಗುಲಿದಾಗ ಗಿಡವು ತನ್ನ ಜೀವಕೋಶಗಳಲ್ಲಿ ಸಕ್ಕರೆಯ ಅಂಶವನ್ನು ಹೆಚ್ಚಿಸಿಕೊಳ್ಳುತ್ತದೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಚಳಿಗಾಲದ ಪಾಲಕ್ ಸೊಪ್ಪು ಸಿಹಿಯಾಗಿರುವುದು ಇದರಿಂದಲೇ. ನಿಗಾತಾ ಪ್ರಾಂತ್ಯದ ತ್ಸುನಾನ್‌ನಲ್ಲಿ ಗಜ್ಜರಿಯನ್ನು ಕೀಳದೆ ಹಿಮದಡಿಯಲ್ಲೇ ಬಿಟ್ಟು ವಸಂತದ ಆರಂಭದಲ್ಲಿ ಅಗೆಯುತ್ತಾರೆ. ದಪ್ಪ ಹಿಮದ ಕೆಳಗೆ ಶಾಖವು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವುದರಿಂದ ಬೆಳೆ ಕೆಡುವುದಿಲ್ಲ.

ಮನೆಯ ಬದುಕು

ಚಳಿಗಾಲದ ಸಂಜೆ ಮನೆಮಂದಿ 'ಕೊತಾತ್ಸು'ವಿನ ಸುತ್ತ ಸೇರುತ್ತಾರೆ. ಇದು ಅಡಿಯಲ್ಲಿ ಕಾವಿರುವ, ಮೇಲೆ ರಜಾಯಿ ಹೊದಿಸಿದ ಗಿಡ್ಡ ಮೇಜು. ಕೋಸು, ಮೂಲಂಗಿ, ಈರುಳ್ಳಿ ದಂಟು ಹಾಕಿ ಕುದಿಸಿದ ಒಂದೇ ಪಾತ್ರೆಯಿಂದ ಎಲ್ಲರೂ ಬಡಿಸಿಕೊಳ್ಳುತ್ತಾರೆ. ಜನವರಿ 7ರಂದು ಏಳು ಬಗೆಯ ಸೊಪ್ಪು ಹಾಕಿದ ಅಕ್ಕಿ ಗಂಜಿ ಉಣ್ಣುವ ವಾಡಿಕೆಯಿದೆ. ಮಿಕ್ಕ ತರಕಾರಿಯನ್ನು ರಸ್ತೆ ಬದಿಯ ಗೂಡಿನಲ್ಲಿಡುತ್ತಾರೆ. ಮಾರುವವರು ಇರುವುದಿಲ್ಲ, ಕೊಂಡವರು ಡಬ್ಬಿಗೆ ಹಣ ಹಾಕಿ ಹೋಗುತ್ತಾರೆ.

ಉಪ್ಪಿನಕಾಯಿಯ ಕಷ್ಟ

ಬಿಸಿಲಿಲ್ಲದ ದಿನ ಅಡಿಕೆ ಒಣಗಿಸುವ ಪಾಡು ನಮಗೆಲ್ಲ ಗೊತ್ತು. ಹಿಮದ ನಾಡಾದ ಅಕಿತಾದಲ್ಲಿ ಮೂಲಂಗಿ ಒಣಗಿಸಲೂ ಅದೇ ಪಾಡು. ಅಲ್ಲಿಯವರು ಅದನ್ನು ಒಲೆಯ ಮೇಲೆ ತೂಗುಹಾಕಿ, ಹೊಗೆಯಲ್ಲಿ ಒಣಗಿಸಿ, ಅಕ್ಕಿ ತೌಡು ಮತ್ತು ಉಪ್ಪಿನಲ್ಲಿ ಹಾಕಿಡುತ್ತಾರೆ. 'ಇಬುರಿಗಕ್ಕೊ' ಎಂಬ ಈ ಉಪ್ಪಿನಕಾಯಿ ಅನೇಕ ವೃದ್ಧ ರೈತ ಮಹಿಳೆಯರಿಗೆ ಕೈಕಾಸಿನ ದಾರಿಯಾಗಿತ್ತು.

2012ರಲ್ಲಿ ಹೊಕ್ಕೈದೊದಲ್ಲಿ ಒಂದು ತಯಾರಿಕೆಯ ಕೋಸಿನ ಉಪ್ಪಿನಕಾಯಿ ತಿಂದು 8 ಮಂದಿ ತೀರಿಕೊಂಡರು. ಮುಂದೆ ಆಹಾರ ನೈರ್ಮಲ್ಯ ಕಾಯಿದೆ ತಿದ್ದುಪಡಿಯಾಗಿ, 2021ರ ಜೂನ್‌ನಿಂದ ಮಾರಾಟದ ಉಪ್ಪಿನಕಾಯಿಗೆ ಪರವಾನಗಿ ಕಡ್ಡಾಯವಾಯಿತು. ಹಳಬರಿಗೆ 2024ರ ಮೇ ಕೊನೆಯವರೆಗೆ ಅವಕಾಶವಿತ್ತು. ಬೇರೆ ಕೋಣೆ, ಕೈ ಮುಟ್ಟದೆ ತಿರುಗಿಸುವ ನಲ್ಲಿ ಮುಂತಾದವುಗಳ ಖರ್ಚು ತಾಳಲಾರದೆ ಅನೇಕರು ಕೆಲಸವನ್ನೇ ಬಿಟ್ಟರು. 2020ರ ಗಣತಿಯಂತೆ ಅಲ್ಲಿ ಬೇಸಾಯವೇ ಮುಖ್ಯ ಕಸುಬಾದವರ ಸರಾಸರಿ ವಯಸ್ಸು 67.8 ವರ್ಷ. ಈ ವಯಸ್ಸಿನಲ್ಲಿ ಸಾಲ ಮಾಡಿ ಅಡುಗೆಮನೆ ಬದಲಿಸಲು ಯಾರಿಗೆ ಮನಸ್ಸಾದೀತು?

ಕಾಯಿದೆ ತಪ್ಪೆಂದು ನಾವು ಹೇಳಲಾರೆವು. ಜೀವಕ್ಕಿಂತ ರುಚಿ ದೊಡ್ಡದಲ್ಲ. ಆದರೆ ಒಂದು ಮನೆಗೆ ಹೊರಲಾರದ ಖರ್ಚನ್ನು ಹತ್ತು ಮನೆ ಸೇರಿದರೆ ಹೊರಬಹುದು. ಸಹಕಾರ ಸಂಘಗಳು ಹುಟ್ಟಿದ್ದೇ ಇದಕ್ಕಾಗಿ. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವ ನಮ್ಮ ಸದಸ್ಯರ ಮನೆಯವರೂ ಇದನ್ನು ಈಗಲೇ ಯೋಚಿಸುವುದು ಒಳ್ಳೆಯದು.