ಬಣ್ಣ ಆಮೇಲೆ, ಬ್ರೇಕ್ ಮೊದಲು

ಸಿದ್ದಾಪುರದ ಮಕ್ಕಳೇ, ಮೊಳಕಾಲ್ಮುರು, ರಾಂಪುರ, ಚಳ್ಳಕೆರೆ ಕಡೆಯ ಹುಡುಗ ಹುಡುಗಿಯರೇ, ಅಜ್ಜನ ಕಾಲದ ಅಂಬಾಸಿಡರನ್ನೋ ಫಿಯಟ್ಟನ್ನೋ ಕೊಟ್ಟಿಗೆಯಿಂದ ಹೊರಗೆಳೆದು ಮತ್ತೆ ಓಡಿಸಬೇಕು ಎಂಬ ಆಸೆ ನಿಮ್ಮಲ್ಲಿ ಕೆಲವರಿಗೆ ಹುಟ್ಟಿದೆ. ನನಗೆ ಬಹಳ ಸಂತೋಷ. ಗುಜರಿಯವನಿಗೆ ತೂಕಕ್ಕೆ ಹಾಕದೆ ಉಳಿಸಿಕೊಂಡಿರಲ್ಲ, ಅದೇ ದೊಡ್ಡದು. ಆದರೆ ನೀವು ಕೆಲಸ ಶುರುಮಾಡುವ ಬಗೆ ನೋಡಿದರೆ ಕಳವಳವಾಗುತ್ತದೆ. ಮೊದಲು ಹೋಗುವುದೇ ಬಣ್ಣ ಹೊಡೆಯುವವರ ಹತ್ತಿರ. ಅಲ್ಲಿಂದ ಹೊಳೆಯುವ ಅಲಾಯ್ ಚಕ್ರ, ಕಿವಿಗಡಚಿಕ್ಕುವ ಹಾರ್ನು, ಆಮೇಲೆ ಮೊಬೈಲಿನಲ್ಲಿ ಒಂದು ರೀಲು. ಬ್ರೇಕಿನ ಮಾತು ಬರುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ.

ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಭರ್ಜರಿಯಾಗಿ ನಡೆಯುತ್ತಿದ್ದ ದಿನಗಳಲ್ಲಿ ಶೇಂಗಾ ವ್ಯಾಪಾರಿಗಳ ಮನೆ ಮುಂದೆ ನಿಲ್ಲುತ್ತಿದ್ದದ್ದು ಇವೇ ಗಾಡಿಗಳು. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಗಂಟೂ ಇವುಗಳಲ್ಲೇ ಹೋಗುತ್ತಿತ್ತು, ಹೆರಿಗೆ ನೋವು ಬಂದ ಹೆಣ್ಣುಮಗಳೂ ಇವುಗಳಲ್ಲೇ ಆಸ್ಪತ್ರೆ ಸೇರುತ್ತಿದ್ದಳು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್ ಬಂಗಾಳದ ಉತ್ತರಪಾರಾ ಕಾರ್ಖಾನೆಯಿಂದ 2014ರವರೆಗೂ ಹೊರಬಂತು. ಅಷ್ಟು ವರ್ಷ ಬಾಳಿದ್ದು ಗಾಡಿಯ ಗುಣದಿಂದ ಮಾತ್ರವಲ್ಲ, ನೋಡಿಕೊಂಡವರಿಂದ. ಆಗಿನ ಡ್ರೈವರುಗಳು ಬೆಳಿಗ್ಗೆ ಬಾನೆಟ್ ಎತ್ತಿ ರೇಡಿಯೇಟರಿನ ನೀರು, ಇಂಜಿನ್ ಆಯಿಲ್ ನೋಡದೆ ಕೀಲಿಗೆ ಕೈ ಹಾಕುತ್ತಿರಲಿಲ್ಲ. ಬಣ್ಣ ಮಾಸಿದ್ದರೂ ಅವರ ಗಾಡಿ ನಿಲ್ಲಬೇಕಾದ ಕಡೆ ನಿಲ್ಲುತ್ತಿತ್ತು.

ಹಳೇ ಗಾಡಿ ಓಡಿ ಸಾಯುವುದಕ್ಕಿಂತ ನಿಂತು ಸಾಯುವುದೇ ಹೆಚ್ಚು, ಇದನ್ನು ನೆನಪಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಆ ತೇವದಿಂದ ವೀಲ್ ಸಿಲಿಂಡರಿನ ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಕಪ್ಪು ಅಂಟಿಕೊಳ್ಳುತ್ತದೆ. ನಮ್ಮದು ಮಳೆ ಕಡಿಮೆಯ ಸೀಮೆ, ಕರಾವಳಿಯ ಗಾಡಿಗಳಂತೆ ನಮ್ಮ ಗಾಡಿಗಳ ತಗಡು ತಿಂದುಹೋಗುವುದಿಲ್ಲ ನಿಜ. ಆ ಧೈರ್ಯವೇ ಮೋಸ ಮಾಡುತ್ತದೆ. ಮೈ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಹೋಸ್‌ಪೈಪು ಬಿರುಕು ಬಿಟ್ಟಿರುತ್ತದೆ, ಇಲಿ ವೈರು ಕಡಿದಿರುತ್ತದೆ. ಹಳೆಯ ಅಂಬಾಸಿಡರುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆಯೇ. ಅದನ್ನು ಇಟ್ಟುಕೊಂಡು ಬಳ್ಳಾರಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ನುಗ್ಗಬೇಡಿ ಕಣ್ರಪ್ಪಾ. ಮೊದಲು ಬ್ರೇಕು, ಸ್ಟೇರಿಂಗು, ಟೈರು, ವೈರಿಂಗು. ಟೈರಿನ ಪಟ್ಟಿ ಎದ್ದು ಕಾಣುತ್ತಿದ್ದರೂ ರಬ್ಬರು ಗಟ್ಟಿಯಾಗಿದ್ದರೆ ಬದಲಿಸಿ. ದುಡ್ಡು ಉಳಿದರೆ ಬಣ್ಣ.

ಇನ್ನೊಂದು ತೊಡಕು ನಮ್ಮ ಕಾಲದಲ್ಲಿ ಇರಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಆ ಕಾಲದ ರಬ್ಬರು, ಗ್ಯಾಸ್ಕೆಟ್ಟು ಇದಕ್ಕಾಗಿ ಮಾಡಿದವಲ್ಲ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಿಸಿ, ವಾರಕ್ಕೊಮ್ಮೆ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ.

ಮೂಲ ಭಾಗಗಳನ್ನು ಕಿತ್ತೆಸೆಯಬೇಡಿ. ಸ್ಟೇರಿಂಗ್ ಪಕ್ಕದ ಗೇರು ಕಷ್ಟ ಅಂತ ನೆಲಕ್ಕೆ ತರುವುದು, ಪೆಟ್ರೋಲ್ ಇಂಜಿನ್ ತೆಗೆದು ಸಿಕ್ಕ ಡೀಸೆಲ್ ಇಂಜಿನ್ ಕೂರಿಸುವುದು ಇವೆಲ್ಲ ಸುಧಾರಣೆ ಅಲ್ಲ. ಇಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಎನ್ನುವುದು ಬೇರೆ ಮಾತು. ಒಮ್ಮೆ ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹವನ್ನು ನಿಧಾನವಾಗಿ ನೋಡಿ. ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಸಂಗ್ರಹಾಲಯದಲ್ಲೂ ನೋಡಿ. ಪ್ರದರ್ಶನಗಳಲ್ಲಿ ತೀರ್ಪುಗಾರರು ಹುಡುಕುವುದೂ ಮೂಲ ರೂಪವನ್ನೇ. ಅಜ್ಜ ಅಂಟಿಸಿದ ದೇವರ ಸ್ಟಿಕ್ಕರು, ಮೈಸೂರು ರಾಜ್ಯದ ಕಾಲದ ‘ಎಂವೈ’ ನಂಬರು ಇದ್ದರೆ ಅವನ್ನು ಅಳಿಸಿ ಹೊಸ ಸೊಗಸು ತರಬೇಡಿ. ಸೀಟ್ ಬೆಲ್ಟ್ ಮಾತ್ರ ಸೇರಿಸಿ. ಅದರಲ್ಲಿ ನನಗೆ ಮೂಲ ರೂಪದ ಹಟವಿಲ್ಲ.

ಕೆಲಸವನ್ನು ಪೂರ್ತಿ ಗ್ಯಾರೇಜಿಗೆ ಬಿಟ್ಟು ಬರಬೇಡಿ, ಪಕ್ಕದಲ್ಲಿ ನಿಂತು ಕಲಿಯಿರಿ. ಕಾರ್ಬುರೇಟರ್ ಬಿಚ್ಚಿ, ಕಿವಿಯಿಂದಲೇ ಟ್ಯೂನ್ ಮಾಡುವ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಲೇತಿನಲ್ಲಿ ಹಳೇ ಡ್ರಮ್ಮು ಕಡೆದುಕೊಡುವವರೂ ಕಡಿಮೆಯಾಗುತ್ತಿದ್ದಾರೆ. ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ಭಾಗ ಯಾವ ತಾರೀಖು ಬದಲಾಯಿತು, ಯಾರು ಮಾಡಿದರು ಎಂದು ಹೆಸರು ಸಮೇತ. ನಮ್ಮೂರ ಪಕ್ಕದ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಶಾಲೆಯಿಂದ ನೋಡಿ ಬಂದಿದ್ದೀರಲ್ಲ? ತಂದೆತಾಯಿಯ, ಗುರುಗಳ ಮಾತು ಕೇಳಬೇಕು ಅಂತ ಅದರಲ್ಲಿದೆ (ನನಗೆ ಅನುಕೂಲವಾದ ಸಾಲು, ನಗಬೇಡಿ). ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ. ಚಕ್ರವರ್ತಿಯ ಆಜ್ಞೆಯ ಬುಡದಲ್ಲಿ ಬರಹಗಾರನೊಬ್ಬ ತನ್ನ ಹೆಸರು ಹಾಕಿದ್ದರಿಂದಲೇ ಇವತ್ತಿಗೂ ಅವನು ನಮಗೆ ಗೊತ್ತು. ನಿಮ್ಮ ಬ್ರೇಕು ಸರಿಮಾಡಿದವನ ಹೆಸರಿಗೆ ಒಂದು ಸಾಲು ಕೊಡಿ.

ಕಾಗದ ಪತ್ರದ ವಿಷಯದಲ್ಲಿ ಅವಸರ ಬೇಡ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಈಗಾಗಲೇ ನೋಂದಣಿ ಇದ್ದರೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಒಮ್ಮೆ ವಿಂಟೇಜ್ ಆಯಿತೆಂದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ. ಅಜ್ಜಿಯನ್ನು ಕೂರಿಸಿಕೊಂಡು ಚಳ್ಳಕೆರೆ ಸಂತೆಗೆ ಹೋಗಬೇಕು ಅನ್ನುವ ಮನೆಯವರಾದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಮೇಲು. ಅರ್ಜಿ ತುಂಬುವ ಮೊದಲು ಮನೆಮಂದಿಯೆಲ್ಲ ಕೂತು ಮಾತಾಡಿ. ಆರ್‌ಸಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಚಿಕ್ಕಪ್ಪ, ದೊಡ್ಡಪ್ಪ, ಅತ್ತೆಯರ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದುಕೊಳ್ಳಿ.