ಭಗ್ನಶಿಲೆಯ ನೆಲೆ

ಹೊಸಪೇಟೆಯಿಂದ ಕಮಲಾಪುರದ ಮಾರ್ಗವಾಗಿ ಹಂಪೆಗೆ ಸಾಗುವವರ ಕಣ್ಣಿಗೆ ಗುಡಿಗೋಪುರಗಳೊಡನೆ ನೆಲಕ್ಕೊರಗಿದ ಕಂಬ, ಬೋದಿಗೆ, ತೊಲೆಗಳ ತುಣುಕುಗಳೂ ಬೀಳುತ್ತವೆ. 1565ರ ರಕ್ಕಸತಂಗಡಿ ಯುದ್ಧದ ತರುವಾಯ ಪಾಳುಬಿದ್ದ ವಿಜಯನಗರದ ಅವಶೇಷಗಳಿವು. ಇವನ್ನು ಆಯ್ದು ಜೋಡಿಸಿ ಬಯಲಿನಲ್ಲಿ ಹೊಸದೊಂದು ಶಿಲ್ಪವನ್ನು ಏಕೆ ನಿಲ್ಲಿಸಬಾರದು ಎಂಬ ಪ್ರಶ್ನೆ ಕಲಾಪ್ರಿಯರ ಮನದಲ್ಲಿ ಮೂಡುವುದು ಸಹಜ.

ಒಡೆದ ವಸ್ತುವಿನಿಂದ ಕಲೆ ಹುಟ್ಟಬಲ್ಲುದು ಎಂಬುದಕ್ಕೆ ಚಂಡೀಗಢದ ಶಿಲೋದ್ಯಾನವೇ ಸಾಕ್ಷಿ. ನೂತನ ನಗರದ ನಿರ್ಮಾಣಕ್ಕಾಗಿ ಹಳ್ಳಿಗಳನ್ನು ಕೆಡವಿದಾಗ ಉಳಿದ ಅವಶೇಷಗಳನ್ನೂ ಒಡೆದ ಪಿಂಗಾಣಿ, ಬಳೆಚೂರುಗಳನ್ನೂ ಕೂಡಿಸಿ ನೇಕ್ ಚಂದ್ ಎಂಬ ಸಾಮಾನ್ಯ ನೌಕರನು ಅದನ್ನು ರಚಿಸಿದನು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಆದರೆ ಅಲ್ಲಿ ಬಳಕೆಯಾದದ್ದು ಜನರು ಬಿಸುಟ ವಸ್ತು. ಅದಕ್ಕೆ ಮರಳಿ ಸೇರಬೇಕಾದ ಸ್ಥಳವೇ ಇರಲಿಲ್ಲ.

ಹಂಪೆಯ ಶಿಲೆಗಳ ಸ್ಥಿತಿ ಬೇರೆ. 1980ರ ದಶಕದಲ್ಲಿ ಅರಮನೆಯ ಆವರಣದಲ್ಲಿ ನಡೆದ ಉತ್ಖನನದಿಂದ ಮೆಟ್ಟಿಲುಗಳ ಪುಷ್ಕರಣಿಯೊಂದು ಬೆಳಕಿಗೆ ಬಂದಿತು. ನಯವಾಗಿ ಕಡೆದ ಅದರ ಕಪ್ಪುಕಲ್ಲುಗಳ ಮೇಲೆ ಸಣ್ಣ ಗುರುತುಗಳಿವೆ. ಯಾವ ಕಲ್ಲು ಯಾವ ದಿಕ್ಕಿನಲ್ಲಿ, ಯಾವ ಸಾಲಿನಲ್ಲಿ, ಎಷ್ಟನೆಯದಾಗಿ ಕೂಡಬೇಕೆಂಬುದನ್ನು ಅವು ಸೂಚಿಸುತ್ತವೆ. ಎಂದರೆ, ಶಿಲ್ಪಿಯು ಪ್ರತಿಯೊಂದು ಕಲ್ಲಿಗೂ ಅದರ ವಿಳಾಸವನ್ನು ಬರೆದಿಟ್ಟಿದ್ದಾನೆ.

ಗುರುತಿಲ್ಲದ ತುಣುಕೂ ಮೂಕವಲ್ಲ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಏಕಶಿಲೆಯಲ್ಲಿ ಕಡೆದ, ಸುಮಾರು 6.7 ಮೀಟರ್ ಎತ್ತರದ ನರಸಿಂಹನನ್ನು ಜನರು ಉಗ್ರನರಸಿಂಹನೆಂದು ಕರೆಯುತ್ತಾರೆ. ಆದರೆ ಆ ಮೂರ್ತಿಯ ಬೆನ್ನಿನ ಮೇಲೆ ದೇವಿಯ ಕೈಯೊಂದು ಇಂದಿಗೂ ಉಳಿದಿದೆ. ತೊಡೆಯ ಮೇಲಿದ್ದ ಲಕ್ಷ್ಮಿಯು ಭಗ್ನವಾದರೂ ಆತನು ಲಕ್ಷ್ಮೀನರಸಿಂಹನೆಂಬ ಸತ್ಯವನ್ನು ಆ ಒಂದು ಕೈ ಕಾಪಾಡಿದೆ. ಅದನ್ನು ಯಾರಾದರೂ ಬೇರೊಂದು ಶಿಲ್ಪದ ಅಲಂಕಾರಕ್ಕೆ ಕೊಂಡೊಯ್ದಿದ್ದರೆ ಆ ಸಾಕ್ಷ್ಯವೇ ಅಳಿದುಹೋಗುತ್ತಿತ್ತು.

ಆದುದರಿಂದಲೇ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ರಕ್ಷಿತ ಸ್ಮಾರಕವನ್ನು ಕೆಡಿಸುವುದನ್ನೂ ಅಲ್ಲಿನ ಕೆತ್ತನೆಯನ್ನು ಸಾಗಿಸುವುದನ್ನೂ ಅಪರಾಧವೆಂದು ಸಾರುತ್ತದೆ. 2019ರಲ್ಲಿ, ಹಂಪೆಯ ದೇವಾಲಯವೊಂದರ ಕಂಬವನ್ನು ಕೆಲವು ಯುವಕರು ವಿನೋದಕ್ಕಾಗಿ ಉರುಳಿಸಿದ ಸಂಗತಿ ಬಯಲಾಯಿತು. ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿತಲ್ಲದೆ, ಬಿದ್ದ ಕಂಬಗಳನ್ನು ಅವರ ಕೈಯಿಂದಲೇ ಮರಳಿ ಎತ್ತಿಸಿ ನಿಲ್ಲಿಸಿತು. ಕೆಡಹುವುದು ಕ್ಷಣದ ಕೆಲಸ, ನಿಲ್ಲಿಸುವುದು ಎಷ್ಟು ಜನರ ಶ್ರಮ ಎಂಬುದನ್ನು ಆಗ ನಾಡೆಲ್ಲ ಕಂಡಿತು.

ಇದರರ್ಥ ಹೊಸ ಕಲೆಗೆ ಹಂಪೆಯ ನೆಲದಲ್ಲಿ ಎಡೆಯಿಲ್ಲವೆಂದಲ್ಲ. ಹೊಸ ಶಿಲ್ಪಿಗೆ ಹೊಸ ಕಲ್ಲು ದೊರೆಯುತ್ತದೆ. ಹಳೆಯ ಕೆತ್ತನೆಯಿಂದ ಆತನು ಪ್ರಮಾಣವನ್ನೂ ಕೈಚಳಕವನ್ನೂ ಕಲಿಯಬಹುದು. ಬಿಡಿಯಾಗಿ ದೊರೆತ ಶಿಲ್ಪಗಳಿಗೆ ಕಮಲಾಪುರದ ವಸ್ತುಸಂಗ್ರಹಾಲಯವು ಆಶ್ರಯ ನೀಡಿದೆ. ಉಳಿದವು ಬಿದ್ದಲ್ಲಿಯೇ ಇರಲಿ. ಮುಂದೊಂದು ದಿನ ಬಲ್ಲವರು ಬಂದು ಅವುಗಳ ನೆಲೆಯನ್ನು ಗುರುತಿಸಿ ಮತ್ತೆ ಜೋಡಿಸುವುದಕ್ಕೆ ಅದರಿಂದ ಅವಕಾಶವಾಗುವುದು.